ಶಾಮಲಮ್ಮನ ಪೆಟ್ಟಿಗೆಯೊಳಗಿನ ಮಾವಿನ ಮರಗಳು

“ಅಮ್ಮಾ, ಶಾಮಲಜ್ಜಿ ಪೆಟ್ಟಿಗೆಗೆ ಊಟ ಹಾಕ್ತಾರಲ್ಲ, ಅದು ಕಕ್ಕ ಮಾಡಲ್ವಾ?”

ಯಲ್ದೂರು ರಸ್ತೆಯ ಮಾವಿನ ನರ್ಸರಿಯಿಂದ ಶ್ರೀನಿವಾಸಪುರದ ಮನೆಗೆ ಬರುತ್ತಿದ್ದೆವು. ಸ್ಕೂಟಿಯ ಮುಂದೆ ನಿಂತಿದ್ದ ನನ್ನ ಮಗಳು ಮೋಕ್ಷಿತ ಕತ್ತು ಹಿಂದಕ್ಕೆ ತಿರುಗಿಸಿ ಕೇಳಿದಳು. ಐದು ವರ್ಷದವಳಿಗೆ ಏನೋ ಒಂದು ಹೇಳಿ ಸಾಗಹಾಕಿದರೆ ಅದರಿಂದ ಇನ್ನೂ ಮೂರು ಪ್ರಶ್ನೆ ಹುಟ್ಟುತ್ತವೆ. ಹಾಗಾಗಿ ಯೋಚನೆ ಮಾಡಿಯೇ, “ಹಳೇ ಸೆಲ್ ತೆಗೆದು ಆಚೆ ಹಾಕ್ತಾರಲ್ಲ ಪುಟ್ಟಿ, ಅದೇ” ಎಂದೆ. ಅವಳಿಗೆ ಸಮಾಧಾನವಾಯಿತು. ಮನೆಗೆ ಬಂದ ಕೂಡಲೇ ಅವರಪ್ಪನಿಗೆ ಅದನ್ನೇ ಹೊಸ ಸಮಾಚಾರವೆಂಬಂತೆ ಹೇಳಿದಳು. ಉಮೇಶ್ ಕೈಯಲ್ಲಿದ್ದ ಟೀ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು.

ಪೆಟ್ಟಿಗೆ ಎಂದರೆ ಕಂಪ್ಯೂಟರು. ಈಗಿನ ಲ್ಯಾಪ್‌ಟಾಪಿನ ಹಾಗೆ ಮಡಚುವುದಲ್ಲ. ದೊಡ್ಡ ಸ್ಲೇಟನ್ನು ಮಲಗಿಸಿಟ್ಟಂತಿದೆ. ಕೆಳಭಾಗದಲ್ಲಿ ಟೈಪ್‌ರೈಟರಿನ ಕೀಲಿಗಳು, ಮೇಲ್ಗಡೆ ಅಂಗೈ ಅಗಲದ ಬೂದು ಪರದೆ. ಒಂದು ಸಲಕ್ಕೆ ಎಂಟೇ ಎಂಟು ಸಾಲು ಕಾಣುತ್ತದೆ. ಬಣ್ಣವಿಲ್ಲ, ಚಿತ್ರವಿಲ್ಲ, ಕನ್ನಡವೂ ಇಲ್ಲ. ಗೋಡೆ ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ ನಾಲ್ಕು ಹಾಕಿದರೆ ಓಡುತ್ತದೆ. ಸೆಲ್ ಸೋತಾಗ ಮೂಲೆಯಲ್ಲಿ ಒಂದು ಕೆಂಪು ದೀಪ ಹತ್ತುತ್ತದೆ. ಆಗ ಶಾಮಲಮ್ಮ, “ಹಸಿವಾಯ್ತಂತೆ, ತಡಿ, ಊಟ ಹಾಕಿ ಬರ್ತೀನಿ” ಎಂದು ಎದ್ದು ಹೋಗುತ್ತಾರೆ. ಮೋಕ್ಷಿತ ನೋಡಿದ್ದು ಅದನ್ನು.

ಶಾಮಲಮ್ಮ ಹುಟ್ಟಿದ್ದು ಗೌನಿಪಲ್ಲಿಯಲ್ಲಿ. ಮನೆಯಲ್ಲಿ ತೆಲುಗು, ಸ್ಕೂಲಿನಲ್ಲಿ ಕನ್ನಡ, ಆಮೇಲೆ ಶ್ರೀನಿವಾಸಪುರದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಇಂಗ್ಲಿಷು. ಸೀನಿಯರ್ ಪಾಸು ಮಾಡಿ ಮನೆಯಲ್ಲಿ ಕೂತಿದ್ದಾಗ ಊರಿಗೆ ಮಾವಿನ ಸರ್ವೆ ಬಂತು. ಈ ಕಡೆಯ ತೋಪುಗಳಲ್ಲಿ ಯಾವ ಮರ ಚೆನ್ನಾಗಿ ಕಾಯಿ ಬಿಡುತ್ತದೆ, ಯಾವುದು ವರ್ಷ ಬಿಟ್ಟು ವರ್ಷ ಬಿಡುತ್ತದೆ ಎಂದು ಮರದಿಂದ ಮರಕ್ಕೆ ಹೋಗಿ ಬರೆದುಕೊಳ್ಳುವ ಕೆಲಸ. ಸರ್ವೆಯ ಮೇಡಂ ಒಬ್ಬರು ಬೆಂಗಳೂರಿನಿಂದ ಈ ಪೆಟ್ಟಿಗೆ ತಂದಿದ್ದರು. ಕೀಲಿ ನೋಡದೆ ಟೈಪ್ ಮಾಡುವವರು ಬೇಕಾಗಿತ್ತು. ಕೀಲಿ ನೋಡುತ್ತಾ ಕೂತರೆ ಮರ ನೋಡುವವರು ಯಾರು?

ಹೀಗೆ ಶಾಮಲಮ್ಮ ಮೂರು ನಾಲ್ಕು ಕಾಯಿಕಾಲ ಮರದ ಕೆಳಗೆ ಕೂತು, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣನ್ನು ಕೊಂಬೆಯ ಮೇಲಿಟ್ಟು ಟೈಪ್ ಮಾಡಿದರು. ಯಲ್ದೂರಿನ ಒಂದು ತೋಪಿನಲ್ಲಿ ಅಕಸ್ಮಾತ್ ಮಳೆ ಬಂದಾಗ ತೋಪಿನ ಹುಡುಗ ಓಡಿಬಂದು ಹೆಗಲ ಮೇಲಿನ ಟವೆಲನ್ನು ಪೆಟ್ಟಿಗೆಗೆ ಹೊದಿಸಿದನಂತೆ. ಶಾಮಲಮ್ಮ ನೆನೆಯುತ್ತಿದ್ದುದನ್ನು ಗಮನಿಸಲೇ ಇಲ್ಲವಂತೆ.

“ಅಂಥೋನನ್ನ ಹೆಂಗೆ ಒಪ್ಕೊಂಡ್ರಿ ಆಂಟಿ?” ಎಂದು ನಾನು ಕೇಳಿದ್ದೆ.

“ಯಾವುದು ನೆಂದ್ರೆ ಕೆಡುತ್ತೆ, ಯಾವುದು ನೆಂದ್ರೆ ಕೆಡಲ್ಲ ಅನ್ನೋದು ಗೊತ್ತಿತ್ತು ಅವನಿಗೆ. ಅಷ್ಟು ಬುದ್ಧಿ ಇದ್ರೆ ಸಂಸಾರಕ್ಕೆ ಸಾಕು ಕಣೇ.”

ಆ ಹುಡುಗನೇ ಸುಬ್ಬರಾಯಪ್ಪನವರು. ಈಗಲೂ ನರ್ಸರಿಯ ಆಚೆ ತುದಿಯಲ್ಲಿ ಸಸಿಗಳಿಗೆ ನೀರು ಬಿಡುತ್ತಾ ಇರುತ್ತಾರೆ. ಹೆಂಡತಿಯ ಮಾತು ಕೇಳಿಸದಷ್ಟು ದೂರ, ಊಟಕ್ಕೆ ಕರೆದರೆ ಕೇಳಿಸುವಷ್ಟು ಹತ್ತಿರ.

ಸರ್ವೆ ಮುಗಿಯಿತು. ಅಷ್ಟರಲ್ಲಿ ಆಫೀಸಿಗೆ ಹೊಸ ಕಂಪ್ಯೂಟರು ಬಂದಿದ್ದರಿಂದ ಮೇಡಂ ಹಳೆಯದನ್ನು ಶಾಮಲಮ್ಮನಿಗೇ ಕೊಟ್ಟುಬಿಟ್ಟರು. ಜೊತೆಗೆ ಇಂಗ್ಲಿಷಿನ ಗೈಡು, ಒಂದು ಕೇಬಲ್ಲು. ಗೈಡನ್ನು ಗೆದ್ದಲು ತಿಂದಿತು. ಕೇಬಲ್ಲು ಉಳಿಯಿತು.

ಗಂಡನ ಮನೆಯಲ್ಲಿ ಮಾವಿನ ಕಸಿ ಗಿಡ ಮಾಡುತ್ತಿದ್ದರು. ನಾಟಿ ಸಸಿಯ ತಲೆ ಕತ್ತರಿಸಿ, ಒಳ್ಳೆಯ ಮರದ ಕಡ್ಡಿ ಸಿಕ್ಕಿಸಿ ಕಟ್ಟುವ ಕೆಲಸ. ಬಾದಾಮಿ ಎಂದರೆ ಬಾದಾಮಿ, ಮಲ್ಲಿಕಾ ಎಂದರೆ ಮಲ್ಲಿಕಾ, ತಳಿಯ ಹೆಸರಷ್ಟೇ ಹೇಳಿ ಮಾರುವುದು ಎಲ್ಲರ ಪದ್ಧತಿ. ಶಾಮಲಮ್ಮ ಇದನ್ನು ಬದಲಾಯಿಸಿದರು. ಕಡ್ಡಿ ಯಾವ ತಾಯಿ ಮರದಿಂದ ಬಂತು, ಆ ಮರ ಎಲ್ಲಿದೆ, ಅದರ ಗುಣವೇನು, ಎಲ್ಲವನ್ನೂ ಪೆಟ್ಟಿಗೆಗೆ ಹಾಕಿದರು. ಮರಕ್ಕೊಂದು ನಂಬರು. ಗಿಡದ ಕತ್ತಿಗೆ ಅದೇ ನಂಬರಿನ ತಗಡಿನ ಚೂರು. ಈ ಸಲ ಆಷಾಢಕ್ಕೆ ಸ್ವಲ್ಪ ಮುಂಚೆ ದೇವರಾಯಸಮುದ್ರದಿಂದ ಒಬ್ಬರು ಕೈಚೀಲದಲ್ಲಿ ಹಣ್ಣು ತಂದು, “ಅಮ್ಮಾ, ನಮ್ಮಪ್ಪ ನಿಮ್ಮತ್ರ ತಗೊಂಡಿದ್ದ ಗಿಡ. ಇಂಥದ್ದೇ ಇನ್ನೂ ಬೇಕು” ಎಂದು ತಗಡಿನ ಚೂರು ಮುಂದಿಟ್ಟರು. ಶಾಮಲಮ್ಮ ಪೆಟ್ಟಿಗೆ ಆನ್ ಮಾಡಿದರು. ಪರದೆಯನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಕಾಣಲಿಲ್ಲ. ಕೊನೆಗೆ “ನಾಳೆ ಫೋನ್ ಮಾಡ್ತೀನಪ್ಪ” ಎಂದು ಕಳಿಸಿದರು. ಬಂದವರು ಬರಿಗೈಯಲ್ಲಿ ಹೋದದ್ದು ಅವರ ನರ್ಸರಿಯಲ್ಲಿ ಅದೇ ಮೊದಲು.

ಕಣ್ಣಿನ ಆಪರೇಷನ್ ಆಗಿದೆ. ದೂರದ ಬಸ್ಸಿನ ಬೋರ್ಡು ಓದುತ್ತಾರೆ. ಬೂದು ಪರದೆಯ ಬೂದು ಅಕ್ಷರ ಮಾತ್ರ ಒಂದಕ್ಕೊಂದು ಅಂಟಿಕೊಳ್ಳುತ್ತದಂತೆ. ಈ ಸಲದ ಹೊಸ ಮರಗಳನ್ನು ಪೆಟ್ಟಿಗೆಗೆ ಹಾಕಿಲ್ಲ. ಹಾಕಲು ಜಾಗವೂ ಇಲ್ಲ. ನನ್ನ ಫೋನಿನಲ್ಲಿರುವ ಮೋಕ್ಷಿತಳ ಒಂದು ಫೋಟೋದಷ್ಟೂ ಹಿಡಿಸದ ಪೆಟ್ಟಿಗೆ ಅದು. ಹೊಸ ಮರ ಬಂದಾಗಲೆಲ್ಲ, ಕಡಿದುಹೋದ ಯಾವುದಾದರೂ ಹಳೇ ಮರವನ್ನು ಅಳಿಸಿ ಜಾಗ ಮಾಡುತ್ತಿದ್ದರಂತೆ. “ತೋಪಲ್ಲಿ ಒಂದ್ಸಲ ಕಡೀತಾರೆ, ಇಲ್ಲಿ ನಾನೊಂದ್ಸಲ ಕಡೀಬೇಕು” ಎನ್ನುತ್ತಿದ್ದರು. ಸೆಲ್ ತೆಗೆದಾಗ ಒಳಗಿದ್ದುದನ್ನು ಕಾಯುವ ಚಿಕ್ಕ ಬ್ಯಾಟರಿ ಬೇರೆ ಹಳತಾಗಿದೆ. ಅದು ಕೈಕೊಟ್ಟರೆ ಸೆಲ್ ಬದಲಾಯಿಸುವ ಹೊತ್ತಿನಲ್ಲಿ ಅಷ್ಟೂ ಮರ ಮಾಯ.

ಆಷಾಢದಲ್ಲಿ ಅವರು ನನ್ನ ಮನೆಯ ಮೆಟ್ಟಿಲು ಹತ್ತಿ ಬಂದದ್ದು ಈ ಕಾರಣಕ್ಕೆ. ನಾನು ಮನೆಯಲ್ಲೇ ಲ್ಯಾಪ್‌ಟಾಪಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಸ್ಕೂಲಿನ ಪ್ರಶ್ನೆಪತ್ರಿಕೆ ಇಂಥವನ್ನು ಟೈಪ್ ಮಾಡಿಕೊಡುತ್ತೇನೆ. ಆಷಾಢದಲ್ಲಿ ಮದುವೆ ಇಲ್ಲವಾದ್ದರಿಂದ ನನಗೂ ಕೆಲಸವಿಲ್ಲ.

“ಲಗ್ನಪತ್ರಿಕೆ ಹೊಡೆಯೋ ಹುಡುಗಿ ನೀನೇನಾ?”

“ಹೌದು ಆಂಟಿ, ಬನ್ನಿ. ಯಾರ ಮದುವೆ?”

“ಮದುವೆ ಇಲ್ಲ ಏನಿಲ್ಲ. ಒಂದು ಪುಸ್ತಕ ಮಾಡ್ಬೇಕು. ನಾನು ಹೇಳ್ತೀನಿ, ನೀನು ಹೊಡಿ.”

ಪೆಟ್ಟಿಗೆಯನ್ನು ಹೇಗೆ ನಡೆಸಬೇಕು, ಅದರೊಳಗಿನ ಮರಗಳನ್ನು ಹೇಗೆ ಹೊರಕ್ಕೆ ತರಬೇಕು ಎಂಬ ಪುಸ್ತಕ, ಕನ್ನಡದಲ್ಲಿ. ಓದುವವರು ಯಾರು ಎಂದು ಕೇಳಿದೆ. ಒಬ್ಬಳೇ ಅಂತೆ, ಅವರ ಸೊಸೆ ಗಂಗಾಲಕ್ಷ್ಮಿ.

“ಒಬ್ಬರಿಗೆ ಪುಸ್ತಕ ಯಾಕೆ ಆಂಟಿ? ಬಾಯಲ್ಲೇ ಹೇಳ್ಕೊಡಬಹುದಲ್ಲ.”

“ನನ್ನ ಬಾಯಿಂದ ಬಂದಿದ್ದು ಅವಳ ಕಿವಿಗೆ ಹೋಗಲ್ಲ. ಓದಿದ್ದಾದ್ರೆ ನಂಬ್ತಾಳೆ. ವಾಟ್ಸಾಪಲ್ಲಿ ಬಂದಿದ್ದೆಲ್ಲ ನಂಬ್ತಾಳೆ ನೋಡು.”

ಗಂಗಾಲಕ್ಷ್ಮಿಯ ಕಡೆಯ ಮಾತು ಕೇಳಿದ್ದು ಆಮೇಲೆ, ನರ್ಸರಿಗೆ ಹೋದಾಗ. ಮಗ ಅಮರನಾಥ್ ಗಿಡದ ಟೆಂಪೋ ಓಡಿಸುತ್ತಾನೆ, ಕಸಿ ಕಟ್ಟುವುದೆಲ್ಲ ಅವನ ಹೆಂಡತಿ ಗಂಗಾಲಕ್ಷ್ಮಿಯದೇ. ಇಡೀ ಹೋಬಳಿಯಲ್ಲಿ ಅವಳಷ್ಟು ಚೆನ್ನಾಗಿ ಕಟ್ಟುವವರಿಲ್ಲ ಎಂದು ಶಾಮಲಮ್ಮನೇ ಹೇಳುತ್ತಾರೆ, ಅವಳಿಲ್ಲದಾಗ. ಮಾತನಾಡುತ್ತಲೇ ಸಸಿಯ ಕಾಂಡವನ್ನು ಸೀಳಿ, ಕಡ್ಡಿಯ ತುದಿಯನ್ನು ಚೂಪಾಗಿ ಹೆರೆದು, ಒಳಗಿಳಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದಳು. ಆ ಹೊತ್ತಿಗೆ ನಾನಾದರೆ ಮಗಳಿಗೆ ಒಂದು ಜಡೆಯನ್ನೂ ಹಾಕಿರುವುದಿಲ್ಲ.

“ಅಕ್ಕ, ನಮ್ಮತ್ತೆ ಕಲಿಸೋದು ಹೆಂಗೆ ಗೊತ್ತಾ? ನಾನು ಬೆರಳು ಎತ್ತಿದ್ರೆ ಸಾಕು, ‘ಬೇಡ ಬೇಡ, ಅದಲ್ಲ’ ಅಂತಾರೆ. ಇನ್ನೂ ಒತ್ತೇ ಇರಲ್ಲ ನಾನು. ಅದಕ್ಕೇ ಮುಟ್ಟಲ್ಲ ಅಂದ್ಬಿಟ್ಟೆ. ಎಲ್ಲಾ ಫೋನಲ್ಲಿ ಬರ್ಕೊಂಡ್ರೆ ಆಗಲ್ವಾ?”

“ಹಳೇವು ಫೋನಿಗೆ ಬರ್ಬೇಕಲ್ಲ.”

“ಅದೇ ಮತ್ತೆ. ಅವರು ಕೊಡಲ್ಲ, ನಾನು ಕೇಳಲ್ಲ.”

ಬೆಳಿಗ್ಗೆ ಮೋಕ್ಷಿತಳನ್ನು ಸ್ಕೂಲಿಗೆ ಬಿಟ್ಟು ನರ್ಸರಿಗೆ ಹೋಗುವುದು ನನಗೆ ಅಭ್ಯಾಸವಾಯಿತು. ಹುಣಸೆ ಮರದ ಕೆಳಗೆ ಚಾಪೆ. ಶಾಮಲಮ್ಮ ಹೇಳುವುದು, ನಾನು ಹೊಡೆಯುವುದು. ಅವರ ಪುಸ್ತಕ ಹೀಗೆ ಶುರುವಾಗುತ್ತದೆ: “ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಮಾವಿನ ಸೊನೆ ಕೀಲಿಗೆ ಅಂಟಿದರೆ ಬಿಡುವುದಿಲ್ಲ. ಪೆಟ್ಟಿಗೆಯನ್ನು ಬಿಸಿಲಿನಲ್ಲಿ ಇಡಬೇಡಿ. ಅಕ್ಷರ ಕಾಣದಿದ್ದರೆ ಗಾಬರಿ ಬೇಡ, ಬಲಗಡೆ ಒಂದು ತಿರುಪು ಇದೆ, ನಿಧಾನಕ್ಕೆ ತಿರುಗಿಸಿ. ಹೊಸ ಸೆಲ್ ಕೈಯಲ್ಲಿ ಹಿಡಿದುಕೊಳ್ಳದೆ ಹಳೇ ಸೆಲ್ ತೆಗೆಯಬೇಡಿ. ಮಾತಾಡಿಕೊಂಡು ತೆಗೆಯಬೇಡಿ.”

ನಾನು ಒಂದು ಕಡೆ ‘ಕಡತ’ ಎಂದು ಹಾಕಿದೆ. ಓದಿ ಹೇಳಿದಾಗ ಒಪ್ಪಲಿಲ್ಲ.

“ಕಡತ ಅಂದ್ರೆ ತಾಲ್ಲೂಕ್ ಆಫೀಸಲ್ಲಿ ಇರುತ್ತಲ್ಲ, ಅದು. ಇದು ಫೈಲು. ಫೈಲು ಅಂತಾನೇ ಹಾಕು.”

“ಕನ್ನಡ ಪುಸ್ತಕ ಅಂದ್ರಲ್ಲ ಆಂಟಿ.”

“ಕನ್ನಡದಲ್ಲೇ ಫೈಲು ಅಂತ ಹಾಕು.”

ಕಷ್ಟವಾಗಿದ್ದು ಮರಗಳನ್ನು ಹೊರಗೆ ತರುವ ಪಾಠ. ಬಳಸಿ ಎಷ್ಟೋ ವರ್ಷವಾಗಿದ್ದರಿಂದ ಶಾಮಲಮ್ಮನಿಗೂ ಅರ್ಧಂಬರ್ಧ ನೆನಪು. ಇಂಟರ್‌ನೆಟ್ಟಿನಲ್ಲಿ ಹುಡುಕಿದೆ. ಯಾವುದೋ ದೇಶದಲ್ಲಿ ಇದೇ ಪೆಟ್ಟಿಗೆಯ ಹುಚ್ಚು ಹಿಡಿದ ಒಂದು ಗುಂಪೇ ಇದೆ. ಹಳೇ ಗೈಡಿನ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿ ಹಾಕಿದ್ದಾರೆ. ಪೆಟ್ಟಿಗೆಯಿಂದ ಇವತ್ತಿನ ಲ್ಯಾಪ್‌ಟಾಪಿಗೆ ಫೈಲು ಸಾಗಿಸುವ ಪ್ರೋಗ್ರಾಮನ್ನೂ ಬರೆದು, ಬೇಕಾದವರು ತಗೊಳ್ಳಿ ಎಂದು ಇಟ್ಟಿದ್ದಾರೆ. ಗೈಡಿನ ರಟ್ಟು ನನ್ನ ಪರದೆಯ ಮೇಲೆ ಬಂದಾಗ ಶಾಮಲಮ್ಮ ಚಾಪೆಯ ಮೇಲೆ ಮುಂದಕ್ಕೆ ಸರಿದರು.

“ಅರೆ, ಇದು ಗೆದ್ದಲು ತಿಂದ ಪುಸ್ತಕ ಅಲ್ವೇನೇ? ಇಲ್ಲಿ ಹೆಂಗೆ ಬಂತು?”

ದೊಡ್ಡ ಅಕ್ಷರ ಮಾಡಿ ಕೊಟ್ಟೆ. ಹಳೇ ಸಹಪಾಠಿಯ ಮನೆಗೆ ಹೋದವರ ಹಾಗೆ ಪುಟಪುಟವೂ ನೋಡಿದರು. ಆ ಗೈಡಿನಲ್ಲಿರುವುದನ್ನು ನಾನು ಓದಿ ಹೇಳಿದರೆ ಅವರು ಅದನ್ನು ಗಂಗಾಲಕ್ಷ್ಮಿಗೆ ಅರ್ಥವಾಗುವ ಹಾಗೆ ತಿರುಗಿಸುವರು. ಎರಡೂ ಯಂತ್ರದಲ್ಲಿ ಕಳಿಸುವ ವೇಗ ಒಂದೇ ಆಗಿರಬೇಕು ಎಂಬುದಕ್ಕೆ ಗೈಡಿನಲ್ಲಿ ಎರಡು ಪುಟ ಇತ್ತು. ಶಾಮಲಮ್ಮ ಹೇಳಿದ್ದು ಇಷ್ಟು: “ಇಟ್ಟಿಗೆ ಎಸೆಯೋನೂ ಹಿಡಿಯೋನೂ ಒಂದೇ ವೇಗದಲ್ಲಿರಬೇಕು. ಇಲ್ಲದಿದ್ದರೆ ಕೆಳಗೆ ಬಿದ್ದು ಚೂರಾಗುತ್ತದೆ. ಚೂರಾದ ಅಕ್ಷರ ಪರದೆಯ ಮೇಲೆ ಬಂದರೆ ವೇಗ ಸರಿಯಿಲ್ಲ ಎಂದು ತಿಳಿಯಿರಿ.”

ಆಮೇಲೆ ಕೇಬಲ್ಲಿನ ಪ್ರಕರಣ. ಹಳೇ ಕೇಬಲ್ಲು ಈಗಿನ ಲ್ಯಾಪ್‌ಟಾಪಿಗೆ ಹೊಂದುವುದಿಲ್ಲ. ಉಮೇಶ್ ಮುಳಬಾಗಿಲಿನ ಕಾಲೇಜಿನಲ್ಲಿ ಗುಮಾಸ್ತರು. ಅಲ್ಲಿನ ಲ್ಯಾಬಿನವರನ್ನು ಕೇಳಿ, ಬೆಂಗಳೂರಿನಿಂದ ಒಂದು ವೈರು ತರಿಸಿಕೊಟ್ಟರು. ನರ್ಸರಿಗೆ ಹೋಗಿ ನೋಡಿದರೆ ಹಳೆಯದರ ತುದಿಯಲ್ಲೂ ಕಡ್ಡಿ, ಹೊಸದರ ತುದಿಯಲ್ಲೂ ಕಡ್ಡಿ. ಒಂದರೊಳಗೊಂದು ಹೋಗುವುದು ಹೇಗೆ?

ಶಾಮಲಮ್ಮ ಎರಡೂ ತುದಿಗಳನ್ನು ಮುಖಾಮುಖಿ ಹಿಡಿದು, “ಎರಡೂ ಗಂಡಿನ ಕಡೆಯೋರೇ ಬಂದವ್ರೆ. ಹೆಣ್ಣಿನ ಕಡೆಯೋರು ಎಲ್ಲಮ್ಮಾ, ಲಗ್ನಪತ್ರಿಕೆ ಹೊಡೆಯೋಳೇ?” ಎಂದರು. ದೂರದಲ್ಲಿ ಸುಬ್ಬರಾಯಪ್ಪನವರು ನಕ್ಕದ್ದು ಕೇಳಿಸಿತು. ಅಷ್ಟು ದೂರಕ್ಕೂ ಕೇಳಿಸುತ್ತದೆ ಎಂದು ಅವತ್ತು ಗೊತ್ತಾಯಿತು. ಮಧ್ಯೆ ಸಿಕ್ಕಿಸುವ ಒಂದು ಚಿಕ್ಕ ತುಂಡನ್ನು ಉಮೇಶ್ ಮತ್ತೆ ತರಿಸಬೇಕಾಯಿತು.

ಶ್ರಾವಣದ ಮೊದಲ ಶನಿವಾರ ಎಲ್ಲ ಸಿದ್ಧವಾಯಿತು. ಸ್ಕೂಲು ಬೇಗ ಬಿಟ್ಟಿದ್ದರಿಂದ ಮೋಕ್ಷಿತಳೂ ಜೊತೆಗಿದ್ದಳು. ಮೊದಲು ಒಂದೇ ಒಂದು ಚಿಕ್ಕ ಫೈಲು ಕಳಿಸಿ ನೋಡುವುದೆಂದು ಮಾತಾಯಿತು. ನಾನು ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಮು ತೆರೆದು ಕಾಯುತ್ತಾ ಕೂತೆ. ಶಾಮಲಮ್ಮ ಪೆಟ್ಟಿಗೆಯ ಮುಂದೆ. ಪರದೆಯ ಅಕ್ಷರ ಕಾಣದಿದ್ದರೂ ಬೆರಳಿಗೆ ದಾರಿ ಗೊತ್ತು. ಟಕಟಕ ಹೊಡೆದು, “ಕಳಿಸ್ದೆ” ಎಂದರು.

ನನ್ನ ಪರದೆಯಲ್ಲಿ ಏನೂ ಇಲ್ಲ.

ಮತ್ತೆ ಕಳಿಸಿದರು. ಇಲ್ಲ. ವೇಗ ಬದಲಾಯಿಸಿದೆವು. ಚೂರಾದ ಅಕ್ಷರವಾದರೂ ಬರಬೇಕಿತ್ತಲ್ಲ, ಅದೂ ಇಲ್ಲ. ಹೊಸ ವೈರನ್ನು ಕಾಲೇಜಿನ ಲ್ಯಾಬಿನಲ್ಲೇ ಪರೀಕ್ಷೆ ಮಾಡಿದ್ದರು. ಮಧ್ಯಾಹ್ನದವರೆಗೆ ಗೈಡಿನ ಪುಟಗಳನ್ನು ಮೂರು ಸಲ ತಿರುವಿದೆ. ಶಾಮಲಮ್ಮನ ಮಾತು ಕಡಿಮೆಯಾಗುತ್ತಾ ಬಂತು. ಅವರು ಸುಮ್ಮನಿರುವುದನ್ನು ನೋಡಿ ಅಭ್ಯಾಸವಿಲ್ಲದ ಮೋಕ್ಷಿತ ಹತ್ತಿರ ಹೋಗಿ, “ಅಜ್ಜಿ, ಹೊಟ್ಟೆ ನೋವಾ?” ಎಂದು ಕೇಳಿದಳು.

“ಇಲ್ಲಮ್ಮ ಬಂಗಾರು. ನನ್ನ ಮರಗಳು ಒಳಗೇ ಇದ್ಬಿಡ್ತಾವೇನೋ ಅಂತ.”

ಗಂಗಾಲಕ್ಷ್ಮಿ ಕಸಿ ಸಸಿಗಳ ಬುಟ್ಟಿ ಎತ್ತಿಕೊಂಡು ಹಾದುಹೋಗುತ್ತಿದ್ದವಳು ನಿಂತಳು. ಬುಟ್ಟಿ ಇಳಿಸಿ, ಪೆಟ್ಟಿಗೆಯ ಹಿಂಭಾಗದಲ್ಲಿ ಕೇಬಲ್ಲು ಸಿಕ್ಕಿಸುವ ಸಾಕೆಟ್ಟಿನ ಕಡೆ ಬಗ್ಗಿದಳು. ಕೇಬಲ್ಲನ್ನು ಕಿತ್ತಳು. ಶಾಮಲಮ್ಮ ಬಾಯಿ ತೆರೆಯುವ ಮೊದಲೇ ಕೇಳಿದಳು:

“ಅತ್ತೆ, ಇದರೊಳಗೆ ಅರಿಶಿನ ಯಾಕೈತೆ?”

ಆಯುಧಪೂಜೆಯ ದಿನ ಈ ಮನೆಯಲ್ಲಿ ಕಸಿ ಚಾಕು, ಗುದ್ದಲಿ, ಟೆಂಪೋ, ಮೋಟರು ಎಲ್ಲಕ್ಕೂ ಅರಿಶಿನ ಕುಂಕುಮ ಇಡುತ್ತಾರೆ. ಪೆಟ್ಟಿಗೆಗೂ ಇಡುತ್ತಾರೆ. ಕೀಲಿಯ ಮೇಲೆ ಇಟ್ಟರೆ ಕೆಡುತ್ತದೆ, ಪರದೆಯ ಮೇಲೆ ಇಟ್ಟರೆ ಕಾಣುವುದಿಲ್ಲ. ಹಾಗಾಗಿ ಎಲ್ಲ ಯೋಚನೆ ಮಾಡಿ, ಯಾವ ಕೆಲಸಕ್ಕೂ ಬಾರದೆ ಹಿಂದುಗಡೆ ಇದ್ದ ಆ ಜಾಗದಲ್ಲಿ ಶಾಮಲಮ್ಮ ಪ್ರತಿ ವರ್ಷವೂ ನೀರಿನಲ್ಲಿ ಕಲಸಿದ ಅರಿಶಿನವನ್ನು ಭಕ್ತಿಯಿಂದ ಹಚ್ಚಿಕೊಂಡು ಬಂದಿದ್ದರು. ಪದರದ ಮೇಲೆ ಪದರ ಕೂತು ಸಾಕೆಟ್ಟಿನ ತೂತುಗಳೆಲ್ಲ ಗಾರೆ ಹಾಕಿದಂತೆ ಮುಚ್ಚಿಹೋಗಿದ್ದವು. ಅದರ ಮೇಲೇ ನಾವು ಕೇಬಲ್ಲು ಒತ್ತಿ ತುರುಕಿದ್ದೆವು.

“ಅಯ್ಯೋ ದೇವುಡಾ” ಎಂದು ಶಾಮಲಮ್ಮ ಹಣೆ ಮುಟ್ಟಿಕೊಂಡರು. “ನಾನೇ ಬಾಗಿಲಿಗೆ ಗೋಡೆ ಕಟ್ಟಿದೀನಲ್ಲೇ.”

“ದೇವರಿಗೆ ಬಿಟ್ಟಿದ್ದು ಅಂದ್ಕೊಂಡು ಸುಮ್ನಿರಿ” ಎಂದಳು ಗಂಗಾಲಕ್ಷ್ಮಿ. ತುಟಿ ಬಿಗಿ ಹಿಡಿದು ನಗು ತಡೆಯುತ್ತಿದ್ದಳು. ಆದರೆ ತಡೆಯಲಾಗದೆ ನಕ್ಕೇಬಿಟ್ಟಳು, ಅವಳ ಹಿಂದೆ ನಾನು, ಕೊನೆಗೆ ಶಾಮಲಮ್ಮನೂ.

ಕ್ಲೀನ್ ಮಾಡುವ ಮುಂಚೆ ಸೆಲ್ ತೆಗೆದುಬಿಡೋಣ, ಕರೆಂಟಿನ ಸಾಮಾನು ಎಂದು ನಾನು ಕೈ ಹಾಕಿದೆ. ಗಂಗಾಲಕ್ಷ್ಮಿ ನನ್ನ ಕೈ ಹಿಡಿದಳು.

“ತೆಗೀಬೇಡಿ ಅಕ್ಕ. ಹೊಸ ಸೆಲ್ ಕೈಲಿ ಇಲ್ದೆ ಹಳೇದು ತೆಗೀಬಾರ್ದು. ಆಫ್ ಮಾಡಿದ್ರೆ ಸಾಕು.”

ಅದು ಪುಸ್ತಕದ ಮೊದಲನೇ ಪಾಠದ ಮಾತು. ನಾನು ಪ್ರಿಂಟ್ ತೆಗೆದು ಹುಣಸೆ ಮರದ ಕೆಳಗೆ ಕಲ್ಲು ಹೇರಿ ಇಟ್ಟುಹೋಗುತ್ತಿದ್ದ ಹಾಳೆಗಳಲ್ಲಿ ಇದ್ದದ್ದು. ಮುಟ್ಟಲ್ಲ ಅಂದವಳು ಯಾವಾಗ ಓದಿದಳೋ. ನಾನು ಶಾಮಲಮ್ಮನ ಮುಖ ನೋಡಿದೆ. ಅವರು ಹುಣಸೆ ಮರದ ಮೇಲೆ ಏನೋ ಇದೆ ಎಂಬಂತೆ ಮೇಲಕ್ಕೆ ನೋಡುತ್ತಿದ್ದರು.

ನನ್ನ ಬ್ಯಾಗಿನಲ್ಲಿ ಮಗಳಿಗಾಗಿ ಸದಾ ಇರುವ ಸ್ಪಿರಿಟ್ಟು, ಕಿವಿಯ ಬಡ್ಸು ಹೊರಬಂದವು. ಗಂಗಾಲಕ್ಷ್ಮಿ ಒಂದು ಸಣ್ಣ ಸೂಜಿ ತಂದಳು. ಕಾಲು ಮಡಚಿ ಕೂತು, ಪೆಟ್ಟಿಗೆಯನ್ನು ಸಸಿಯ ಹಾಗೆ ಮಂಡಿಯ ನಡುವೆ ಹಿಡಿದು, ಒಂದೊಂದೇ ತೂತಿನಿಂದ ಗಟ್ಟಿಯಾದ ಅರಿಶಿನವನ್ನು ಪುಡಿಪುಡಿಯಾಗಿ ತೆಗೆದಳು. ಒಳಗಿನ ತಾಮ್ರ ಗೀಚಲಿಲ್ಲ. ನಾನಾಗಿದ್ದರೆ ಎರಡನೇ ತೂತಿಗೇ ಏನಾದರೂ ಮುರಿದಿರುತ್ತಿದ್ದೆ. ಶಾಮಲಮ್ಮ ಎರಡು ಸಲ “ಮೆಲ್ಲಗೆ” ಎಂದರು. ಮೂರನೇ ಸಲ ಹೇಳಲು ಹೊರಟು, ಸೊಸೆಯ ಕೈ ನೋಡಿ, ಹೇಳಲಿಲ್ಲ.

ಹಾಳೆಯ ಮೇಲೆ ಬಿದ್ದ ಹಳದಿ ಪುಡಿಯಲ್ಲಿ ಮೋಕ್ಷಿತ ಬೆರಳದ್ದಿ ಬೊಟ್ಟಿಟ್ಟುಕೊಂಡಳು.

ಸ್ಪಿರಿಟ್ಟು ಆರುವ ತನಕ ಟೀ ಕುಡಿದೆವು. ಮತ್ತೆ ಕೇಬಲ್ಲು. ಮತ್ತೆ ಟಕಟಕ. ಈ ಸಲ ಶಾಮಲಮ್ಮ “ಕಳಿಸ್ದೆ” ಎನ್ನುವ ಮೊದಲೇ ನನ್ನ ಪರದೆಯಲ್ಲಿ ಅಕ್ಷರಗಳು ಸಾಲಾಗಿ ಇಳಿಯತೊಡಗಿದವು. ಕಟ್ಟೆಯ ಬಿರುಕಿನಲ್ಲಿ ಇರುವೆ ಹೊರಟ ಹಾಗೆ, ಒಂದರ ಹಿಂದೊಂದು, ಅವಸರವಿಲ್ಲದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ, ಮಧ್ಯೆ ಮಧ್ಯೆ ತೆಲುಗು. ನಾನು ಗಟ್ಟಿಯಾಗಿ ಓದಿದೆ:

“ಬಾವಿ ಪಕ್ಕದ ಬಾದಾಮಿ. ಪ್ರತಿ ವರ್ಷ ಬಿಡುತ್ತೆ, ಮುನಿಸಿಲ್ಲ. ಕಾಯಿ ಚಿಕ್ಕದು, ರಸ ಜಾಸ್ತಿ. ಕೋತಿ ಕಾಟ. ಮುನಿಯಲ್ಲಮ್ಮನ ಮಲ್ಲಿಕಾ. ಮರ ಧಾರಾಳ, ಯಜಮಾನಿ ಜಿಪುಣಿ, 2 ಕಡ್ಡಿ ಕೇಳಿದರೆ 1 ಕೊಡ್ತಾಳೆ. ರಸ್ತೆ ತಿರುವಿನ ರಸಪುರಿ. ಗಾಳಿಗೆ ಬಗ್ಗಿದೆ, ಹಣ್ಣಿಗೆ ಬಗ್ಗಿಲ್ಲ. ಮಾವ ನೆಟ್ಟಿದ್ದು.”

“ಆ ರಸಪುರಿ ಈಗಿಲ್ಲ” ಎಂದಳು ಗಂಗಾಲಕ್ಷ್ಮಿ. “ರಸ್ತೆ ಅಗಲ ಮಾಡಿದ್ರಲ್ಲ, ಆಗ ಹೋಯ್ತು.”

“ಮರ ಹೋಯ್ತು. ನೀನು ಮೊನ್ನೆ ಕಟ್ಟಿದ್ಯಲ್ಲ ಆ ಮೂಲೆ ಸಾಲು, ಅದು ಅದರ ಮೊಮ್ಮಕ್ಕಳು” ಎಂದರು ಶಾಮಲಮ್ಮ. “ಅದಕ್ಕೇ ಅಳಿಸಿಲ್ಲ.”

ಗಂಗಾಲಕ್ಷ್ಮಿ ಮೂಲೆಯ ಸಾಲಿನ ಕಡೆ ನೋಡಿದಳು. ಆಮೇಲೆ ಬುಟ್ಟಿ ಎತ್ತಿಕೊಂಡು ಹೋದಳು. ಬುಟ್ಟಿಯ ಮೇಲೆ, ಸಸಿಗಳಿಗೆ ನೆರಳಾಗುವಂತೆ, ಪುಸ್ತಕದ ಹಾಳೆಗಳಿದ್ದವು.

ನನಗೆ ಉತ್ಸಾಹ ಬಂದಿತ್ತು. “ಆಂಟಿ, ಹಿಂಗೇ ಕೂತ್ರೆ ಸಂಜೆಯೊಳಗೆ ಅಷ್ಟೂ ಫೈಲು ತಗೊಂಡ್ಬಿಡ್ತೀನಿ. ಕಳಿಸಿ” ಎಂದೆ.

ಶಾಮಲಮ್ಮ ಪೆಟ್ಟಿಗೆ ಆಫ್ ಮಾಡಿದರು.

“ಬೇಡ. ಮಿಕ್ಕಿದ್ದು ಗಂಗಾ ಎತ್ಕೊಳ್ಲಿ.”

“ಒಳಗಿನ ಬ್ಯಾಟರಿ ಹಳೇದು ಅಂತ ನೀವೇ ಹೇಳಿದ್ರಿ. ಒಂದು ಕಾಪಿ ಆದ್ರೂ ನನ್ನ ಹತ್ರ ಇರ್ಲಿ.”

“ನಿನ್ನೆ ತಾನೇ ಹೊಸ ಸೆಲ್ ಹಾಕಿದೀನಿ, ಅವಳು ಎತ್ಕೊಳ್ಳೋ ತನಕ ಯಾರೂ ತೆಗೆಯಲ್ಲ. ಕಾಪಿ ತೆಗೆಯೋದೇ ಪುಸ್ತಕದ ಮೂರನೇ ಪಾಠ. ಅವಳೇ ತೆಗೀತಾಳೆ.” ಕೇಬಲ್ಲನ್ನು ಸುತ್ತುತ್ತಾ ಹೇಳಿದರು. “ನೀನು ತೆಗೆದ್ರೆ ಪುಸ್ತಕ ಸರಿ ಐತೆ ಅಂತ ಹೆಂಗೆ ಗೊತ್ತಾಗುತ್ತೆ? ಹೊಡೆದೋಳೇ ನೀನು. ಇನ್ನೊಂದು ಮಾತು. ನಾನು ಕೈಗೆ ಕೊಟ್ರೆ ಇವೆಲ್ಲ ನನ್ನ ಮರಗಳಾಗೇ ಇರ್ತಾವೆ. ಅವಳಾಗೇ ಎತ್ಕೊಂಡ್ರೆ ಅವಳವಾಗ್ತಾವೆ. ನಾಳೆ ಯಾರಾದ್ರೂ ಹಣ್ಣು ತಂದು ಕೇಳಿದ್ರೆ, ನಮ್ಮತ್ತೇನ ಕೇಳಿ ಹೇಳ್ತೀನಿ ಅನ್ನಬಾರ್ದು ಅವಳು.”

ಇಷ್ಟಕ್ಕೂ ಮರಗಳು ಅವರವು. ಮೋಕ್ಷಿತಳಿಗೆ ಚಪ್ಪಲಿ ಹಾಕಿಸಿ ಸ್ಕೂಟಿಯ ಹತ್ತಿರ ಬಂದೆ. ಶಾಮಲಮ್ಮ ಗೇಟಿನವರೆಗೂ ಬಂದರು. ಮಗಳ ಕೈಗೆ ಒಂದು ಹಣ್ಣು ಕೊಟ್ಟು, ಅವಳ ಹಣೆಯ ಮೇಲಿನ ಅರಿಶಿನ ಒರೆಸಿದರು. ನರ್ಸರಿಯ ಕಡೆ ತಿರುಗಿ ನೋಡಿ, ಗಂಗಾಲಕ್ಷ್ಮಿ ದೂರದಲ್ಲಿದ್ದಾಳೆ ಎಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದರು.

“ರಂಜಿತಾ, ಒಂದು ಉಪಕಾರ ಮಾಡ್ತೀಯಾ?”

“ಹೇಳಿ ಆಂಟಿ.”

“ಮುಂದಿನ ಭಾನುವಾರ ಅವಳನ್ನ ಪೆಟ್ಟಿಗೆ ಮುಂದೆ ಕೂರಿಸ್ತೀನಿ. ನಿನ್ನ ಲ್ಯಾಪ್‌ಟಾಪ್ ಅವಳ ಹತ್ರ ಬಿಡು. ಪುಸ್ತಕ ಇರ್ಲಿ. ಬೇರೆ ಯಾರೂ ಬೇಡ, ನೀನೂ ಬೇಡ. ನನ್ನನ್ನ ಸ್ಕೂಟೀಲಿ ಕೂರಿಸ್ಕೊಂಡು ಎಲ್ಲಿಗಾದ್ರೂ ಕರ್ಕೊಂಡು ಹೋಗು. ದೇವರಾಯಸಮುದ್ರದ ಕೆರೆಗಾದ್ರೂ ಸರಿ, ಆ ಹಣ್ಣು ತಂದಿದ್ದೋರ ತೋಪೂ ನೋಡ್ದಂಗಾಗುತ್ತೆ. ನನ್ನ ಫೋನ್ ನಿನ್ನ ಬ್ಯಾಗಲ್ಲಿ ಇಟ್ಕೊ, ಕೇಳಿದ್ರೂ ಕೊಡ್ಬೇಡ. ಅರ್ಧ ದಾರಿ ಹೋಗೋ ಹೊತ್ತಿಗೆ ನಾನು ‘ಗಾಡಿ ತಿರುಗಿಸು, ಅವಳಿಗೆ ಗೊತ್ತಾಗಲ್ಲ, ತಿರುಗಿಸು’ ಅಂತೀನಿ. ಬೈತೀನಿ, ಅತ್ತರೂ ಅಳ್ತೀನಿ. ನೀನು ಮಾತ್ರ ತಿರುಗಿಸ್ಬೇಡ ಕಣಮ್ಮ.”